ಲೈಸೆನ್ಸಿನ ಮೇಲೊಂದು ಶರಾ

2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಉಳಿದ ಸಂಚಾರ ದಂಡದ ಮೇಲೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. ಆಷಾಢದ ಸೇಲಿನಲ್ಲಿ ಸೀರೆ ಅಂಗಡಿಗೆ ಮುಗಿಬಿದ್ದಂತೆ ಜನ ದಂಡ ಕಟ್ಟಲು ಮುಗಿಬಿದ್ದರು. ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಮೀರಿ ವಸೂಲಾಯಿತು. ಖಜಾನೆಗೆ ಸಂತೋಷ, ಕಟ್ಟಿದವರಿಗೂ ಸಂತೋಷ. ಇಬ್ಬರಿಗೂ ಖುಷಿ ಕೊಡುವ ಶಿಕ್ಷೆಯನ್ನು ಶಿಕ್ಷೆ ಎಂದು ಕರೆಯುವುದು ಹೇಗೆ? ಅತಿವೇಗದ ದಂಡವನ್ನು ನಾವು ಕರೆಂಟ್ ಬಿಲ್ಲಿನ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಕಟ್ಟಿದರೆ ಲೆಕ್ಕ ಚುಕ್ತಾ, ಲೈಸೆನ್ಸ್ ಜೇಬಿನಲ್ಲಿ ಭದ್ರ, ಮಾರನೆಯ ದಿನ ಅದೇ ರಸ್ತೆ, ಅದೇ ವೇಗ. ನನ್ನ ವಾದ ಇಷ್ಟೆ: ತಪ್ಪು ಮಾಡಿದವನ ಲೈಸೆನ್ಸ್ ಕಿತ್ತುಕೊಳ್ಳುವ ಅವಸರ ಬೇಡ, ಆದರೆ ತಪ್ಪಿನ ನೆನಪು ಕೆಲಕಾಲ ಅದರ ಮೇಲೆ ಉಳಿಯಬೇಕು.

ಇದು ಹೊಸ ಮಾತಲ್ಲ. 1896ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬಾತ ಗಂಟೆಗೆ 2 ಮೈಲಿ ಮಿತಿಯ ಊರಿನೊಳಗೆ 8 ಮೈಲಿ ವೇಗದಲ್ಲಿ ಕಾರು ಓಡಿಸಿದ. ಪೊಲೀಸಿನವನು ಸೈಕಲ್ ತುಳಿದು ಬೆನ್ನಟ್ಟಿ ಹಿಡಿದ. ವೇಗಕ್ಕಾಗಿ ಆತ ತೆತ್ತ ದಂಡ 1 ಶಿಲ್ಲಿಂಗ್. ಕಿತ್ತುಕೊಳ್ಳೋಣವೆಂದರೆ ಆಗ ಚಾಲನಾ ಪರವಾನಗಿ ಎಂಬುದೇ ಇರಲಿಲ್ಲ. ಅದು ಬಂದದ್ದು 1903ರ ಮೋಟಾರು ಕಾರು ಕಾಯ್ದೆಯಿಂದ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, 5 ಶಿಲ್ಲಿಂಗ್ ಕೊಟ್ಟರೆ ಲೈಸೆನ್ಸ್. ತಪ್ಪಿತಸ್ಥರ ಲೈಸೆನ್ಸಿನ ಮೇಲೆ ಶರಾ ಬರೆಯುವ, ಅದನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ಆ ಕಾಯ್ದೆ ಕೋರ್ಟಿಗೆ ಕೊಟ್ಟಿತು. ಆದರೆ ಬರೀ ವೇಗದ ಮಿತಿ ಮೀರಿದ್ದಷ್ಟೇ ತಪ್ಪಾಗಿದ್ದರೆ ಮೊದಲ ಎರಡು ಸಲ ಈ ಅಧಿಕಾರ ನಡೆಯುತ್ತಿರಲಿಲ್ಲ. ಆಗ ಕಾರಿದ್ದವರು ಯಾರು, ಕಾಯ್ದೆ ಮಾಡಿದವರು ಯಾರು ಎಂದು ಯೋಚಿಸಿದರೆ ಈ ದಾಕ್ಷಿಣ್ಯದ ಕಾರಣ ಹೊಳೆಯುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 24ನೇ ಕಲಮಿನಲ್ಲೂ ಶರಾ ಉಂಟು. ಅದರ ಮುಂದಿನ 25ನೇ ಕಲಮಿನಲ್ಲೊಂದು ಚೆಂದದ ಅವಕಾಶವಿದೆ: ಶರಾ ಬಿದ್ದವನು ಮೂರು ವರ್ಷ ಇನ್ನೊಂದು ಶರಾ ಬೀಳದಂತೆ ನಡೆದುಕೊಂಡರೆ 5 ರೂಪಾಯಿ ಶುಲ್ಕ ಕಟ್ಟಿ ಕಳಂಕವಿಲ್ಲದ ಹೊಸ ಲೈಸೆನ್ಸ್ ಪಡೆಯಬಹುದು. ತಪ್ಪು ವೇಗದ್ದು ಮಾತ್ರವಾಗಿದ್ದರೆ ಒಂದೇ ವರ್ಷ ಸಾಕು. ಬರೆದವರು ಯಾರೋ, ಮನುಷ್ಯನ ಸ್ವಭಾವ ಬಲ್ಲವರು. ದುಡ್ಡಿನಿಂದ ತೊಳೆಯಲಾಗದ್ದನ್ನು ನಡವಳಿಕೆಯಿಂದ ತೊಳೆದುಕೋ ಎನ್ನುತ್ತದೆ ಆ ಕಲಮು.

2019ರ ತಿದ್ದುಪಡಿ ಬಿಗಿಯನ್ನು ಹೆಚ್ಚಿಸಿತು. ಕಾರಿನಂಥ ಲಘು ವಾಹನಕ್ಕೆ ಅತಿವೇಗದ ದಂಡ 1,000ದಿಂದ 2,000 ರೂಪಾಯಿ. ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಜಪ್ತಿ. ಹಾಗೆ ಆರ್‌ಟಿಒ ಕೈಸೇರಿದ ಲೈಸೆನ್ಸ್ ಮೂರು ತಿಂಗಳು ಅಮಾನತಾಗಬಹುದು. ಮತ್ತೆ ಕೈಗೆ ಬರಬೇಕಾದರೆ ಚಾಲನೆಯ ಮರುತರಬೇತಿ ಮುಗಿಸಬೇಕು. ಕಾಗದದಲ್ಲಿ ಎಲ್ಲವೂ ಇದೆ. ತೊಡಕು ಎಲ್ಲಿದೆಯೆಂದರೆ, ಈಗ ವೇಗ ಹಿಡಿಯುವುದು ಪೇದೆಯಲ್ಲ, ಕ್ಯಾಮೆರಾ. ಅದಕ್ಕೆ ಕಾಣುವುದು ನಂಬರ್ ಪ್ಲೇಟು. ನೋಟಿಸ್ ಹೋಗುವುದು ಮಾಲೀಕನಿಗೆ. ಗಾಡಿ ಓಡಿಸಿದ್ದು ಮಗನೋ ಡ್ರೈವರೋ, ದಂಡ ಕಟ್ಟುವವರು ಅಪ್ಪನೋ ಯಜಮಾನರೋ. ಓಡಿಸಿದವನ ಲೈಸೆನ್ಸನ್ನು ಯಾರೂ ಮುಟ್ಟಲಿಲ್ಲ. ಬ್ರಿಟನ್ ಈ ತೊಡಕನ್ನು ಬಿಡಿಸಿಕೊಂಡಿದೆ. ಗಾಡಿ ಓಡಿಸುತ್ತಿದ್ದವರು ಯಾರೆಂದು ಮಾಲೀಕ ಹೇಳಲೇಬೇಕು, ಹೇಳದಿದ್ದರೆ ಅದೇ ಬೇರೆ ಅಪರಾಧ. ಅಲ್ಲಿ ನೆಲೆಸಿರುವ ಕನ್ನಡಿಗರನ್ನು ಕೇಳಿ ನೋಡಿ, 100 ಪೌಂಡ್ ದಂಡಕ್ಕಿಂತ ಅದರ ಜೊತೆ ಬರುವ 3 ಪಾಯಿಂಟುಗಳಿಗೇ ಅವರು ಹೆಚ್ಚು ಹೆದರುತ್ತಾರೆ. ಮೂರು ವರ್ಷದೊಳಗೆ 12 ಪಾಯಿಂಟ್ ಸೇರಿದರೆ ಸಾಮಾನ್ಯವಾಗಿ ಆರು ತಿಂಗಳು ಸ್ಟಿಯರಿಂಗ್ ಹಿಡಿಯುವಂತಿಲ್ಲ.

ಡ್ರೈವಿಂಗನ್ನೇ ನಂಬಿ ಬದುಕುವವರ ಗತಿ ಏನು ಎಂಬ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಕ್ಯಾಬ್ ಓಡಿಸುವವನಿಗೆ ಮೂರು ತಿಂಗಳ ಅಮಾನತು ಎಂದರೆ ಮನೆಯ ಒಲೆಯೇ ಆರಿದಂತೆ. ಅದಕ್ಕೇ ನಾನು ಶರಾದ ಪರ. ಎರಡನೇ ತಪ್ಪಿಗೇ ಜಪ್ತಿ ಎನ್ನುವ ಕಾನೂನಿಗಿಂತ, ಮೆಟ್ಟಿಲು ಮೆಟ್ಟಿಲಾಗಿ ಎಚ್ಚರಿಸಿ, ತಿದ್ದಿಕೊಂಡರೆ ಅಳಿಸಿಹಾಕುವ ಪದ್ಧತಿಯೇ ಅವನಿಗೆ ಮೇಲು. ನಿಜಕ್ಕೂ ಬಡವನನ್ನು ಹಿಂಡುವುದು ದುಡ್ಡಿನ ದಂಡ. ಅದೇ 1,000 ರೂಪಾಯಿ ಒಬ್ಬನ ದಿನದ ದುಡಿಮೆ, ಇನ್ನೊಬ್ಬನ ಸಂಜೆಯ ಕಾಫಿ ತಿಂಡಿಯ ಖರ್ಚು. ಫಿನ್ಲೆಂಡಿನಲ್ಲಿ ದೊಡ್ಡ ಅತಿವೇಗಕ್ಕೆ ಆದಾಯ ನೋಡಿ ದಂಡ ಹಾಕುತ್ತಾರೆ. 2023ರಲ್ಲಿ ಆಂಡರ್ಸ್ ವಿಕ್ಲೋಫ್ ಎಂಬ ಉದ್ಯಮಿ 50 ಕಿ.ಮೀ. ಮಿತಿಯಲ್ಲಿ 82ರಲ್ಲಿ ಹೋಗಿ 1,21,000 ಯೂರೋ ತೆರಬೇಕಾಯಿತು. ನಮ್ಮಲ್ಲಿ ಎಲ್ಲರ ಆದಾಯ ಅಳೆಯುವುದು ಆಗದ ಮಾತು. ಶರಾಕ್ಕೆ ಮಾತ್ರ ಬಡವ ಬಲ್ಲಿದ ಎಂಬ ಭೇದವಿಲ್ಲ.

ಹತ್ತು ಕಿಲೋಮೀಟರ್ ಹೆಚ್ಚಾದರೆ ಏನು ಮಹಾ ಎನ್ನುವವರೂ ಇದ್ದಾರೆ. ಡಿಕ್ಕಿಯ ಹೊಡೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 50ರ ಬದಲು 60ರಲ್ಲಿ ಹೊರಟ ಗಾಡಿಯಲ್ಲಿ ಶೇ 44ರಷ್ಟು ಹೆಚ್ಚು ಶಕ್ತಿ ತುಂಬಿರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಲ್ಲಿ ಅದರ ಶೇ 71ರಷ್ಟು ಸಾವು ಅತಿವೇಗದ್ದು. ಕೆಲವು ಕಡೆ ಮಿತಿಯ ಫಲಕಗಳು ಅವೈಜ್ಞಾನಿಕವಾಗಿವೆ, ಒಪ್ಪೋಣ. ಅವನ್ನು ಸರಿಪಡಿಸಲು ಇಲಾಖೆಯ ಬೆನ್ನುಹತ್ತಬೇಕೇ ಹೊರತು ಆಕ್ಸಿಲರೇಟರ್ ತುಳಿಯುವುದಲ್ಲ. ಸರ್ಕಾರಕ್ಕೆ ನನ್ನದೊಂದು ಬೇಡಿಕೆ: ಮುಂದಿನ ಸಲ ಅರ್ಧ ದಂಡದ ರಿಯಾಯಿತಿ ಕೊಡುವುದೇ ಆದರೆ, ಹಿಂದಿನ ಒಂದು ವರ್ಷ ಹೊಸ ನೋಟಿಸ್ ಬಾರದವರಿಗೆ ಮಾತ್ರ ಕೊಡಿ. ಉಳಿದವರು ಪೂರ್ತಿ ಕಟ್ಟಲಿ, ಜೊತೆಗೆ ಶರಾವನ್ನೂ ಹೊತ್ತು ಮನೆಗೆ ಹೋಗಲಿ.