ಮೊಮ್ಮಗನಿಗೊಂದು ಆಟದ ಯಂತ್ರ

ಕಳೆದ ಮಾರ್ಚಿಯ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಮಗಳ ಕರೆ ಬಂದಿತು. ಮೊಮ್ಮಗನಿಗೆ ಏಪ್ರಿಲ್‌ನಲ್ಲಿ ಹತ್ತು ತುಂಬುತ್ತದೆ, ಬೇಸಿಗೆ ರಜೆಗೆ ಅವನನ್ನು ಊರಿಗೆ ಕಳಿಸುತ್ತಾಳೆ, ಅವನಿಗೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರವೊಂದು ಬೇಕಂತೆ. "ಮೊಬೈಲ್ ಕೊಡುವುದಕ್ಕಿಂತ ಅದೇ ವಾಸಿ ಅಂತ ನಮಗೂ ಅನ್ನಿಸಿದೆ ಅಪ್ಪ. ಈ ಸಲದ ಉಡುಗೊರೆ ನಿಮ್ಮದು. ಹದಿನೈದು ಸಾವಿರ ದಾಟಬೇಡಿ, ಕೆಲಸಕ್ಕೆ ಬಾರದ್ದನ್ನೂ ತರಬೇಡಿ" ಎಂದಳು.

ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನಿಗೆ ಇದೇನು ಮಹಾ ಲೆಕ್ಕ ಎಂದುಕೊಂಡು ಒಪ್ಪಿಕೊಂಡೆ. ಫೋನು ಕೆಳಗಿಟ್ಟ ಮೇಲೆ ಮಾತ್ರ ಮನಸ್ಸಿಗೆ ಏನೋ ಚುಚ್ಚಿದಂತಾಯಿತು. ಅಂಥದೇ ಒಂದು ಯಂತ್ರ ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಆಗಲೇ ಇತ್ತು. ಆದರೆ ಅದು ನನ್ನದಾಗಿರಲಿಲ್ಲ. ಅದರ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಲೆಕ್ಕವನ್ನು ಮುಗಿಸೋಣ.

ಆ ವಾರವೇ ಬೇರೊಂದು ಕೆಲಸದ ಮೇಲೆ ಬೆಂಗಳೂರಿಗೆ ಹೋಗಬೇಕಿತ್ತು. ನಮ್ಮ ಕೊಕ್ಕರೆ ಬೆಳ್ಳೂರಿನಿಂದ ಹನ್ನೆರಡು ಕಿಲೋಮೀಟರ್ ಬಂದು ರುದ್ರಾಕ್ಷಿಪುರದ ಬಳಿ ಮೈಸೂರು ರಸ್ತೆ ಸೇರಿದರೆ ಸ್ವಲ್ಪ ಹೊತ್ತಿಗೆಲ್ಲ ಚನ್ನಪಟ್ಟಣ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬೊಂಬೆಗಳ ಊರು. ನನ್ನ ಮಗಳು ಚಿಕ್ಕವಳಿದ್ದಾಗ ಆಟಿಕೆ ಕೊಳ್ಳುವುದೆಂದರೆ ಇಲ್ಲಿ ಬಸ್ಸಿನಿಂದ ಇಳಿದರೆ ಮುಗಿಯುತ್ತಿತ್ತು. ತೂಗಿ ನೋಡುತ್ತಿದ್ದೆವು, ಮೂಲೆ ಚೂಪಾಗಿದೆಯೇ ಎಂದು ಬೆರಳಿನಿಂದ ಸವರುತ್ತಿದ್ದೆವು, ಅಷ್ಟೇ ಪರೀಕ್ಷೆ. ಈಗ ಅಂಗಡಿಯಾತ ಗಾಜಿನ ಪೆಟ್ಟಿಗೆಯಿಂದ ತೆಗೆದು ಮುಂದಿಟ್ಟ ಯಂತ್ರಗಳನ್ನು ಯಾವ ಬೆರಳಿನಿಂದ ಪರೀಕ್ಷಿಸುವುದು?

ಮೆಜೆಸ್ಟಿಕ್ ಸುತ್ತಿನ ನಾಲ್ಕು ಅಂಗಡಿ ಹತ್ತಿಳಿದ ಮೇಲೆ ತಿಳಿದದ್ದಿಷ್ಟು. ಸರಕಿನಲ್ಲಿ ಮೂರು ಬಗೆ. ಮೊದಲನೆಯದು ಐನೂರರಿಂದ ಸಾವಿರ ರೂಪಾಯಿಯೊಳಗಿನದು. ಪೆಟ್ಟಿಗೆಯ ಮೇಲೆ 'ನಾನೂರು ಆಟಗಳು' ಎಂದು ಬರೆದಿರುತ್ತದೆ. ಎಣಿಸುತ್ತ ಹೋದರೆ ಒಂದೇ ಆಟ ಹತ್ತು ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಗುಂಡಿಗಳು ಬೇಗ ಸಡಿಲವಾಗುತ್ತವೆ, ಬಿಡಿ ಭಾಗ ಸಿಗುವುದಿಲ್ಲ. ಎರಡನೆಯದು ನಾಲ್ಕೈದು ಸಾವಿರದ್ದು. ನೋಡಲು ಗಟ್ಟಿಯಾಗಿದೆ, ತೆರೆಯೂ ಚೆನ್ನ. ಹಳೆಯ ಕಾಲದ ಸಾವಿರಾರು ಆಟಗಳನ್ನು ಒಂದು ಮೆಮೊರಿ ಕಾರ್ಡಿಗೆ ತುಂಬಿ ಕೊಡುತ್ತಾರೆ. "ಈ ಆಟಗಳ ಹಕ್ಕು ಯಾರದಪ್ಪ?" ಎಂದು ಕೇಳಿದೆ. ಹುಡುಗ ನಕ್ಕ. ನಕಲು ಹೊಡೆಯಬೇಡಿ ಎಂದು ಮೂರು ದಶಕ ಬೋಧಿಸಿದವನು ಮೊಮ್ಮಗನಿಗೆ ಅದನ್ನು ಕೊಡುವುದು ಹೇಗೆ ಎಂದು ಪಕ್ಕಕ್ಕೆ ಸರಿಸಿದೆ. ಮೂರನೆಯದು ಹೆಸರುವಾಸಿ ಕಂಪನಿಗಳದ್ದು. ಜಪಾನಿನ ನಿಂಟೆಂಡೋ ಕಂಪನಿಯ ಸ್ವಿಚ್ 2017ರಲ್ಲಿ ಬಂದಿತು. ಟಿ.ವಿ.ಗೆ ಜೋಡಿಸಲಾಗದ, ಕೈಯಲ್ಲೇ ಹಿಡಿದು ಆಡುವ ಅದರ ಚಿಕ್ಕ ರೂಪವಾದ ಸ್ವಿಚ್ ಲೈಟ್ 2019ರಲ್ಲಿ ಬಂದಿತು. ಹೊಸದಕ್ಕೆ ಹದಿನೇಳು ಸಾವಿರ ಹೇಳಿದರು. ವಿದೇಶದಿಂದ ತರಿಸಿದ ಸರಕಾದ್ದರಿಂದ ಗ್ಯಾರಂಟಿಯೆಂಬುದು ಅಂಗಡಿಯವರ ಬಾಯಿಮಾತು. ಆಟಗಳನ್ನು ಬೇರೆಯಾಗಿ ಕೊಳ್ಳಬೇಕು, ಒಂದೊಂದಕ್ಕೆ ಮೂರು ನಾಲ್ಕು ಸಾವಿರ. ಆಟದ ಬೆಲೆ ಕೇಳದೆ ಯಂತ್ರ ಕೊಳ್ಳುವುದು ಮೇವಿನ ಬೆಲೆ ಕೇಳದೆ ಎಮ್ಮೆ ಕೊಂಡ ಹಾಗೆ ಎಂಬುದು ನನಗೆ ಅಲ್ಲಿ ಮನವರಿಕೆಯಾಯಿತು.

ಬರಿಗೈಯಲ್ಲಿ ಊರಿಗೆ ಮರಳಿದೆ. ಆ ರಾತ್ರಿ ಅಟ್ಟ ಹತ್ತಿ ಟ್ರಂಕಿನಿಂದ ಆ ಹಳೆಯ ಯಂತ್ರವನ್ನು ಕೆಳಗಿಳಿಸಿದೆ.

1997ರ ಮಾತು. ಆಗ ನಾನು ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಗೆ ಪೈಥಾಗೊರಸನ ಪ್ರಮೇಯ ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ 'ಟುಂಯ್' ಎಂದು ಸದ್ದು ಬಂತು. ಹುಡುಗರು ನಕ್ಕರು. ಮತ್ತೊಮ್ಮೆ ಬಂತು. ಹೋಗಿ ಆ ಹುಡುಗನ ಕೈಚೀಲ ಬೋರಲು ಹಾಕಿದಾಗ ಇಟ್ಟಿಗೆ ಬೀಳುವ ಆಟದ, ಪೆನ್ ಸೆಲ್ ಹಾಕುವ ಒಂದು ಯಂತ್ರ ಸಿಕ್ಕಿತು. ಬ್ರಿಕ್ ಗೇಮ್ ಎನ್ನುತ್ತಿದ್ದರು. ಆಗಿನ ಜಾತ್ರೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಹೇರಳವಾಗಿ ಬರುತ್ತಿತ್ತು. ಕಿವಿ ಹಿಂಡಿದೆ. "ಅಪ್ಪನನ್ನು ಕರೆದುಕೊಂಡು ಬಾ, ಕೊಡುತ್ತೇನೆ" ಎಂದು ಹೇಳಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹುಡುಗ ಒಂದು ಮಾತನ್ನೂ ಆಡಲಿಲ್ಲ. ಅಪ್ಪ ಬರಲಿಲ್ಲ. ನಾನು ಮರೆತೆ. ಮರುವರ್ಷ ವರ್ಗವಾದಾಗ ನನ್ನ ಪುಸ್ತಕಗಳ ಜೊತೆ ಅದೂ ಕಟ್ಟಾಗಿ ಬಂದಿತ್ತು. ಹಿಂದಿರುಗಿಸಬೇಕೆಂದು ಹಲವು ಸಲ ಅಂದುಕೊಂಡೆ. ಇಷ್ಟು ಚಿಕ್ಕ ವಸ್ತುವಿಗಾಗಿ ಹುಡುಕಿಕೊಂಡು ಹೋಗುವುದೇ ಎಂಬ ಸಂಕೋಚ ಅಡ್ಡ ಬಂತು. ಆ ಸಂಕೋಚಕ್ಕೆ ಇಪ್ಪತ್ತೆಂಟು ವರ್ಷ ತುಂಬಿತ್ತು.

ಹುಡುಗ ಎಲ್ಲಿದ್ದಾನೆಂಬುದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಅವನು ಮದ್ದೂರಿನಲ್ಲಿ ಮೊಬೈಲ್ ದುರಸ್ತಿ ಅಂಗಡಿ ಇಟ್ಟಿದ್ದಾನೆ. ಹೆಸರು ಬರೆಯುವುದಿಲ್ಲ, ಅವನನ್ನು ಬಲ್ಲವರು ಬಹಳ ಮಂದಿ. ನಾನು ಆ ಬೀದಿಯಲ್ಲಿ ಹೋಗುವಾಗ ಎದುರು ಬದಿಯಲ್ಲಿ ನಡೆಯುತ್ತಿದ್ದೆ. ಮರುದಿನ ಮಾತ್ರ ಯಂತ್ರವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನೇರವಾಗಿ ಒಳಗೆ ಹೋದೆ.

"ಬನ್ನಿ ಸಾ, ಕೂತ್ಕಳಿ" ಎಂದು ಎದ್ದು ನಿಂತ. ನಾನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತು ಗುರುತು ಹತ್ತಲಿಲ್ಲ. ಹತ್ತಿದಾಗ ಅವನು ಬೈಯಲಿಲ್ಲ, ಅಳಲೂ ಇಲ್ಲ. "ಅಯ್ಯೋ, ಇನ್ನೂ ಇಟ್ಟಿದ್ದೀರಾ ಸಾ!" ಎಂದು ನಕ್ಕ. ಆಮೇಲೆ ಅವನು ಹೇಳಿದ್ದನ್ನು ನಾನು ಅಂದೇ ಕೇಳಿಕೊಳ್ಳಬೇಕಾಗಿತ್ತು. ಆ ಯಂತ್ರವನ್ನು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ಅವನ ಅಣ್ಣ ತಂದದ್ದು. ತಂದೆತಾಯಿ ಕಬ್ಬು ಕಡಿಯುವ ಕೂಲಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಅಲ್ಲಿಯವರೆಗೆ ನಾಲ್ಕು ವರ್ಷದ ತಂಗಿಯನ್ನು ಸಮಾಧಾನವಾಗಿಡಲು ಅವನಿಗಿದ್ದದ್ದು ಅದೊಂದೇ. ಹಗಲಲ್ಲಿ ಮನೆಯಲ್ಲಿ ಬಿಟ್ಟರೆ ಅವಳು ಒತ್ತಿ ಒತ್ತಿ ಸೆಲ್ಲು ಖಾಲಿ ಮಾಡುತ್ತಾಳೆ ಎಂದು ಶಾಲೆಗೆ ತರುತ್ತಿದ್ದ. ತರಗತಿಯಲ್ಲಿ ಅವನು ಆಡುತ್ತಿರಲಿಲ್ಲ. ಪುಸ್ತಕದ ಭಾರಕ್ಕೆ ಗುಂಡಿ ಒತ್ತಿಕೊಂಡು ಸದ್ದಾಗಿತ್ತು. ಅಪ್ಪನನ್ನು ಕರೆತರಲಿಲ್ಲವೇಕೆಂದರೆ ಅದಕ್ಕೆ ಒಂದು ದಿನದ ಕೂಲಿ ಹೋಗುತ್ತಿತ್ತು.

"ಅಂದೇ ಹೇಳಬಾರದಿತ್ತೇನೋ?" ಎಂದೆ.

"ನೀವು ಕೇಳಲಿಲ್ವಲ್ಲ ಸಾ" ಎಂದ. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ನಡೆದದ್ದನ್ನು ಹೇಳಿದ, ಅಷ್ಟೇ.

ಮಾತಾಡುತ್ತಲೇ ಸ್ಕ್ರೂ ಬಿಚ್ಚಿ, ಹಸಿರುಗಟ್ಟಿದ್ದ ತಗಡುಗಳನ್ನು ಸ್ಪಿರಿಟ್ಟಿನಿಂದ ಉಜ್ಜಿ ಹೊಸ ಸೆಲ್ಲು ಹಾಕಿದ. ತೆರೆ ಕಪ್ಪುಗಟ್ಟಿ ಹೋಗಿತ್ತು, ಏನೂ ಮೂಡಲಿಲ್ಲ. ಆದರೆ ಗುಂಡಿ ಒತ್ತಿದಾಗ 'ಟುಂಯ್' ಎಂದಿತು. ಅದರ ಚಿತ್ರ ತೆಗೆದು ತಂಗಿಗೆ ಕಳಿಸಿದ. ಅವಳೀಗ ಮೈಸೂರಿನಲ್ಲಿದ್ದಾಳಂತೆ.

ನಾನು ಬಂದ ಇನ್ನೊಂದು ಕೆಲಸವನ್ನೂ ಹೇಳಿದೆ. ಬೆಂಗಳೂರಿನ ಅಂಗಡಿಗಳಲ್ಲಿ ಎಲ್ಲರೂ ನನ್ನನ್ನು "ಬಜೆಟ್ ಎಷ್ಟು?" ಎಂದು ಕೇಳಿದ್ದರು. ಇವನು ಅದನ್ನು ಕೊನೆಯಲ್ಲಿ ಕೇಳಿದ. ಮೊದಲು ಕೇಳಿದ್ದು, ಹುಡುಗ ಒಬ್ಬನೇ ಆಡುತ್ತಾನೋ ಜೊತೆಗೆ ಯಾರಾದರೂ ಇರುತ್ತಾರೋ; ಮನೆಯೊಳಗೋ, ಪ್ರಯಾಣದಲ್ಲೋ; ಓದಲು ಆಸೆಯೋ, ಓಡಲು ಆಸೆಯೋ; ಕೈಯಿಂದ ಬೀಳಿಸುವವನೋ. ಅರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿಂದಲೇ ಮೊಮ್ಮಗನಿಗೆ ಫೋನು ಮಾಡಿ ಕೇಳಿದೆ. "ತಾತ, ಕೊಕ್ಕರೆ ಬೆಳ್ಳೂರಲ್ಲಿ ನನಗೆ ಫ್ರೆಂಡ್ಸ್ ಇಲ್ವಲ್ಲ. ಇದು ಇದ್ರೆ ಅವರೇ ಬರ್ತಾರೆ" ಎಂದ. ಅವನಿಗೆ ಯಂತ್ರ ಬೇಕಾಗಿದ್ದದ್ದು ಒಂಟಿಯಾಗಿ ಕೂರುವುದಕ್ಕೆಂದು ನಾನು ತಿಳಿದಿದ್ದೆ!

ಶಿಷ್ಯ ಹೇಳಿದ ಪಾಠದಲ್ಲಿ ಬ್ಯಾಟರಿಗೆ ದೊಡ್ಡ ಸ್ಥಾನವಿತ್ತು. ಮನೆಗೆ ಬಂದು ಈ ಯಂತ್ರಗಳ ಚರಿತ್ರೆಯನ್ನು ಓದಿದಾಗ ಅದು ಎಷ್ಟು ಸರಿ ಎನಿಸಿತು. ನಿಂಟೆಂಡೋ 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ಮಾಡುವ ಅಂಗಡಿಯಾಗಿ ಹುಟ್ಟಿದ್ದು. ಅಲ್ಲಿ ಯಂತ್ರಗಳ ಉಸ್ತುವಾರಿಗೆ ಸೇರಿದ್ದ ಗುನ್‌ಪೇ ಯೊಕೊಯಿ ಎಂಬಾತ ಒಮ್ಮೆ ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಿದ್ದವನನ್ನು ಕಂಡು, 1980ರಲ್ಲಿ ಅಂಗೈ ಅಗಲದ 'ಗೇಮ್ ಅಂಡ್ ವಾಚ್' ಮಾಡಿದ. 1989ರಲ್ಲಿ ಅವನ ತಂಡದ 'ಗೇಮ್ ಬಾಯ್' ಬಂತು. ಅದಕ್ಕೆ ಬಣ್ಣದ ತೆರೆ ಇರಲಿಲ್ಲ, ತೆರೆಯ ಹಿಂದೆ ದೀಪವೂ ಇರಲಿಲ್ಲ. ಆದರೆ ನಾಲ್ಕು ಪೆನ್ ಸೆಲ್ಲಿಗೆ ಹತ್ತು ಹದಿನೈದು ಗಂಟೆ ನಿರಾಯಾಸವಾಗಿ ಓಡುತ್ತಿತ್ತು. ಮರುವರ್ಷ ಪ್ರತಿಸ್ಪರ್ಧಿ ಸೆಗಾ ಕಂಪನಿಯ 'ಗೇಮ್ ಗೇರ್' ಬಣ್ಣ ಬಣ್ಣವಾಗಿ ಬಂತು. ಅದು ಆರು ಸೆಲ್ಲು ನುಂಗಿ ನಾಲ್ಕೈದು ಗಂಟೆಗೆ ಕಣ್ಣು ಮುಚ್ಚುತ್ತಿತ್ತು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ ಹನ್ನೊಂದು ಕೋಟಿಗೂ ಮೇಲೆ ಮಾರಾಟವಾದವು. ಸೆಗಾದ್ದು ಅದರ ಹತ್ತನೆಯ ಒಂದು ಭಾಗದಷ್ಟು. ಹಳತಾಗಿ, ಪಳಗಿ, ಅಗ್ಗವಾದ ತಂತ್ರವನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎಂಬುದು ಯೊಕೊಯಿಯ ಸಿದ್ಧಾಂತ. ಆ ಯಂತ್ರದ ಜೊತೆಗೆ ಲೋಕಪ್ರಸಿದ್ಧವಾದ ಆಟ ಟೆಟ್ರಿಸ್, ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ರಚಿಸಿದ್ದು. ನಮ್ಮ ಜಾತ್ರೆಯ ಬ್ರಿಕ್ ಗೇಮ್ ಅದರದೇ ನಕಲು. ಸೆಲ್ಲಿನ ದುಡ್ಡು ಉಳಿಸಲು ಯಂತ್ರವನ್ನು ಶಾಲೆಗೆ ಹೊತ್ತು ತಂದ ಹುಡುಗನಿಗೂ ಕ್ಯೋಟೋದ ಆ ಎಂಜಿನಿಯರನಿಗೂ ಒಂದೇ ಚಿಂತೆ ಇತ್ತೆಂಬುದು ನನ್ನನ್ನು ಬಹಳ ಹೊತ್ತು ಕಾಡಿತು.

ಕೊನೆಗೆ ಶಿಷ್ಯನೇ ಹುಡುಕಿಸಿ, ಒಬ್ಬರು ಬಳಸಿದ ಸ್ವಿಚ್ ಲೈಟ್ ಒಂದನ್ನು 10,500 ರೂಪಾಯಿಗೆ ಕೊಡಿಸಿದ. ಎರಡು ಕಡ್ಡಿಗಳನ್ನೂ ಬಿಟ್ಟಾಗ ತೆರೆಯ ಮೇಲಿನ ಬೊಂಬೆ ತಾನಾಗಿ ಜರುಗುವುದಿಲ್ಲವೇ, ಗುಂಡಿಗಳು ಮೇಲೇಳುತ್ತವೆಯೇ, ಚಾರ್ಜು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಾನೇ ಒಂದು ಸಂಜೆಯೆಲ್ಲ ಪರೀಕ್ಷಿಸಿದ. ಬಳಸಿದವೇ ಆದ ಎರಡು ಆಟದ ಕಾರ್ಡುಗಳಿಗೆ 3,500, ಕವಚ ಮತ್ತು ಗಾಜಿಗೆ 600. ಒಟ್ಟು 14,600. ಅಂತರ್ಜಾಲದಿಂದ ಇಳಿಸಿಕೊಂಡ ಆಟವನ್ನು ಮಾರಲು ಬರುವುದಿಲ್ಲ; ಕಾರ್ಡನ್ನಾದರೆ ಗೆಳೆಯರಿಗೆ ಕೊಡಬಹುದು, ಬದಲಾಯಿಸಬಹುದು, ಮಾರಬಹುದು. ಮೂರು ವರ್ಷದ ಮೇಲೆ ಎಲ್ಲ ಸೇರಿ ಆರು ಸಾವಿರಕ್ಕೆ ಹೋದರೂ ತಿಂಗಳಿಗೆ 240 ರೂಪಾಯಿ ಬೀಳುತ್ತದೆ. ಎಂಟುನೂರರ ಆಟಿಕೆ ಎರಡು ತಿಂಗಳಿಗೆ ಕೆಟ್ಟರೆ ತಿಂಗಳಿಗೆ 400. ಅಗ್ಗ ಯಾವುದು ಎಂಬುದನ್ನು ಓದುಗರೇ ಹೇಳಬೇಕು. ಇನ್ನು ಮೊಬೈಲ್ ಪುಕ್ಕಟೆ ಎನ್ನುವವರುಂಟು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದಿರುವುದು ನಿಜ. ಆದರೆ ಮಕ್ಕಳ ಆಟದ ನಡುನಡುವೆ ಜಾಹೀರಾತು ತೂರಿಸುವುದು, ಮುಂದಿನ ಹಂತಕ್ಕೆ ಹಣ ಕೇಳುವುದು ಬೇರೆ ಸಂಗತಿ. ಕಾರ್ಡಿನ ಆಟಕ್ಕೆ ಒಂದು ಕೊನೆಯಿದೆ, ಮುಗಿಯಿತೆಂದು ಕೆಳಗಿಡಬಹುದು.

ನಮ್ಮೂರಿನವರಿಗೆ ಬೆಲೆಯೂ ಮೌಲ್ಯವೂ ಬೇರೆ ಬೇರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ ಹುಣಸೆ ಮರದಲ್ಲಿ ಹಣ್ಣಿನ ಆದಾಯ ಖೋತಾ ಆಗುತ್ತದೆ. ಆದರೂ ಅವು ಊರಿನ ಹೆಣ್ಣುಮಕ್ಕಳು ಬಾಣಂತನಕ್ಕೆ ಬಂದ ಹಾಗೆ ಎಂದು ತಲೆಮಾರುಗಳಿಂದ ಮರ ಬಿಟ್ಟುಕೊಟ್ಟವರು ನಮ್ಮ ಹಿರಿಯರು. ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡತೊಡಗಿದ್ದು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾದದ್ದು ಆಮೇಲಿನ ಮಾತು.

ಏಪ್ರಿಲ್‌ನಲ್ಲಿ ಮೊಮ್ಮಗ ಬಂದ. ಅವನೆಂದಂತೆಯೇ ಆಯಿತು. ಎರಡನೆಯ ದಿನಕ್ಕೇ ನಮ್ಮ ಜಗಲಿಯ ಮೇಲೆ ಐದು ಜನ ಹುಡುಗರು. ಒಬ್ಬನ ಕೈಯಲ್ಲಿ ಯಂತ್ರ, ನಾಲ್ವರ ತಲೆ ಅದರ ಮೇಲೆ. ಸತ್ತವನು ಮುಂದಿನವನಿಗೆ ಕೊಡಬೇಕೆಂಬ ಕಾನೂನು ಅವರೇ ಮಾಡಿಕೊಂಡರು. ಚಾರ್ಜು ಮುಗಿದಾಗ ಅದೇ ಐವರು ಇವನನ್ನು ಕರೆದುಕೊಂಡು ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಸಾಕುವ ಕಡೆಗೋ ಶಿಂಷಾ ಹೊಳೆಯ ಕಡೆಗೋ ಹೊರಡುತ್ತಿದ್ದರು. ಕೆಲವು ಮಧ್ಯಾಹ್ನ ಚಾರ್ಜು ಇದ್ದರೂ ಹೊರಡುತ್ತಿದ್ದರು. ಮತ್ತೆ ಕೆಲವು ದಿನ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ, ಆಗ ನಾನು ಗದರಿದ್ದೂ ಉಂಟು. ಎಲ್ಲವೂ ಸುಸೂತ್ರವಾಗಿತ್ತೆಂದು ಹೇಳಲಾರೆ.

ಒಂದು ಸಂಜೆ ಅವನೊಬ್ಬನೇ ಕೂತಿದ್ದಾಗ ಪಕ್ಕದಲ್ಲಿ ಕುಳಿತು, "ಇದು ಏನಾಟ? ನನಗೂ ಹೇಳಿಕೊಡು" ಎಂದೆ. ಮಾರಿಯೊ ಎಂಬ ಮೀಸೆಯವನು ಓಡುತ್ತ ಹಾರುತ್ತ ಹೋಗಬೇಕು. ನಾನು ಹನ್ನೊಂದು ಸಲ ಅದೇ ಹಳ್ಳಕ್ಕೆ ಬಿದ್ದೆ. ಮೊಮ್ಮಗ ಒಮ್ಮೆಯೂ ಸಿಡುಕಲಿಲ್ಲ. "ನಿಧಾನ ತಾತ, ಗುಂಡಿ ಒತ್ತಿ ಹಿಡ್ಕೋ, ಬಿಡಬೇಡ" ಎಂದು ನನ್ನ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟು ತೋರಿಸಿದ. ಹನ್ನೆರಡನೆಯ ಸಲ ದಾಟಿದೆ.

ಬಿ.ಎಡ್. ತರಗತಿಯಲ್ಲಿ ಮಕ್ಕಳ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. 'ಇದು ಯಾರದು, ಏಕೆ ತಂದೆ' ಎಂದು ಒಂದು ಪ್ರಶ್ನೆ ಕೇಳುವುದು ಮಾತ್ರ 1997ರ ಆ ದಿನ ನನಗೆ ಹೊಳೆಯಲಿಲ್ಲ. ಮಕ್ಕಳಿಗೆ ಯಾವ ಯಂತ್ರ ಕೊಳ್ಳಬೇಕೆಂದು ನನ್ನ ವಯಸ್ಸಿನ ಗೆಳೆಯರು ಈಗ ನನ್ನನ್ನು ಕೇಳುತ್ತಾರೆ. ಬ್ಯಾಟರಿ, ಆಟದ ಬೆಲೆ, ದುರಸ್ತಿ, ಮರುಮಾರಾಟ ಎಲ್ಲವನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಮಗುವನ್ನೇ ಕೇಳಿದಿರಾ ಎನ್ನುತ್ತೇನೆ.

ಆ ಹಳೆಯ ಬ್ರಿಕ್ ಗೇಮ್ ಈಗ ಮದ್ದೂರಿನ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಮಾರಾಟಕ್ಕಲ್ಲ. ಈಗ ನಾನು ಆ ಬೀದಿಯಲ್ಲಿ ಅಂಗಡಿಯಿರುವ ಬದಿಯಲ್ಲೇ ನಡೆಯುತ್ತೇನೆ.