ಗುಂಡಿ ನೋಡಲು ಹೊರಟವರು

ಮಾಗಡಿ ಕಡೆಗೆ ಹೊರಟವರು ಸಾಮಾನ್ಯವಾಗಿ ಬೆಟ್ಟ ಹತ್ತಲು ಹೋಗುತ್ತಾರೆ, ಇಲ್ಲವೇ ರಂಗನಾಥಸ್ವಾಮಿಯ ದರ್ಶನಕ್ಕೆ. ನಾವು ಹೊರಟಿದ್ದು ಗುಂಡಿ ನೋಡಲು. ಗೆಳೆಯ ಬ್ಯಾಂಕಿನಿಂದ ನಿವೃತ್ತನಾದವನು. ಶಾಸನದ ಕಲ್ಲು, ವೀರಗಲ್ಲು ಅಂತ ಹಳ್ಳಿ ಹಳ್ಳಿ ಸುತ್ತುವುದು ಅವನ ಹಳೆಯ ಗೀಳು. ಈ ಸೀಮೆಯಲ್ಲಿ ಹಳೆಯ ಗುಡಿ ಎಲ್ಲಿದೆ ಎಂದು ತಿಳಿಯಲು ಗೋಪುರ ಹುಡುಕಬೇಕಾಗಿಲ್ಲ, ಗುಂಡಿ ಹುಡುಕಿದರೆ ಸಾಕು ಎನ್ನುತ್ತಾನೆ. ಇತಿಹಾಸ ಓದಿದವರಿಗಿಂತ ಮೊದಲೇ ನಿಧಿ ಹುಡುಕುವವರು ಬಂದು ಹೋಗಿರುತ್ತಾರೆ.

ಕಾರಿನ ಡಿಕ್ಕಿಯಲ್ಲಿ ಅವನ ಸಲಕರಣೆ: ಒಂದು ತೆಂಗಿನ ಕಡ್ಡಿ ಪೊರಕೆ, ಬ್ರಷ್ಷು, ನೀರಿನ ಕ್ಯಾನು, ಅಳತೆ ಟೇಪು, ಅಕ್ಷರ ಎದ್ದು ಕಾಣುವಂತೆ ಕಲ್ಲಿಗೆ ಬಳಿಯಲು ಮೈದಾಹಿಟ್ಟು, ಜೊತೆಗೆ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದ ನಕಲು. ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಅದರಲ್ಲಿವೆ. ಕನಕಪುರಕ್ಕೆ ಆಗ ಕಾನಕಾನಹಳ್ಳಿ ಎಂದೇ ಹೆಸರು. ಪೊರಕೆ, ಟೇಪು, ಹಿಟ್ಟು ಮೂರನ್ನೂ ಒಟ್ಟಿಗೆ ಕಂಡ ಯಾವ ಊರಿನವರಿಗಾದರೂ ನಾವು ಅದೇ ಕಸುಬಿನವರು ಎಂದು ಅನುಮಾನ ಬಂದರೆ ತಪ್ಪು ಹೇಳಲಾಗದು.

ಸಾವನದುರ್ಗದ ಬುಡದಲ್ಲಿ ಕಾರು ನಿಲ್ಲಿಸಿದೆವು. 1226 ಮೀಟರ್ ಎತ್ತರದ ಈ ಬಂಡೆಗೆ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ತಲೆ. ಕೆಳಗೆ ವೀರಭದ್ರಸ್ವಾಮಿ, ನರಸಿಂಹಸ್ವಾಮಿ. ಸುತ್ತಿನ ಕಾಡಿನಲ್ಲಿ ನೆಲಪಟ್ಟಣ ಎಂಬ ಹಾಳೂರಿನ ಗುರುತುಗಳು. ನಿಧಿಯ ಕಥೆ ಹುಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಮಾಗಡಿ ಗೌಡರ ವಂಶಕ್ಕೂ ನಿಧಿಗೂ ನಂಟು ಮೊದಲಿನದು. ಹಲಸೂರು ಸೋಮೇಶ್ವರ ಗುಡಿಯ ಸ್ಥಳಕಥೆಯಲ್ಲಿ, ಬೇಟೆಯಾಡಿ ದಣಿದು ಮರದಡಿ ಮಲಗಿದ ಗೌಡರಿಗೆ ದೇವರು ಕನಸಿನಲ್ಲಿ ಬಂದು ಹೂತಿಟ್ಟ ಹೊನ್ನಿನ ಜಾಗ ತೋರಿಸುತ್ತಾನೆ, ಆ ಹೊನ್ನಿನಿಂದ ಗುಡಿ ಏಳುತ್ತದೆ. ಅಪ್ಪಣೆಯಿಲ್ಲದೆ ಭೈರವ ನಾಣ್ಯ ಟಂಕಿಸಿದ್ದಕ್ಕೆ ಕೆಂಪೇಗೌಡರನ್ನು ವಿಜಯನಗರದವರು ಆನೆಗೊಂದಿಯಲ್ಲಿ ಸೆರೆಯಿಟ್ಟರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ವಂಶದ ಕೊನೆಯ ಗೌಡರನ್ನು 1728ರಲ್ಲಿ ಮೈಸೂರಿನ ದಳವಾಯಿ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಇಷ್ಟು ಸಾಕು, ಉಳಿದದ್ದನ್ನು ಜನರ ಬಾಯಿ ಪೂರೈಸುತ್ತದೆ: ಖಜಾನೆ ಬೆಟ್ಟದಲ್ಲೇ ಉಳಿಯಿತು.

ಉಳಿದಿರಲಾರದು ಎಂಬುದು ನನ್ನ ಅಂದಾಜು. ದಳವಾಯಿ ಬೆಟ್ಟ ಹಿಡಿದದ್ದು ಗಾಳಿ ಸೇವನೆಗಲ್ಲ. ಆಮೇಲೆ 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಇದೇ ಕೋಟೆಯ ಗೋಡೆ ಒಡೆದು ಒಳನುಗ್ಗಿತು. ಅದೇ ತಿಂಗಳು ರಾಮಗಿರಿ, ಹುತ್ರಿದುರ್ಗಗಳೂ ಬಿದ್ದವು. ಗೆದ್ದ ಕೋಟೆಯನ್ನು ಜಾಲಾಡುವುದು ಸಿಪಾಯಿಗಳಿಗೆ ಸಂಬಳಕ್ಕಿಂತ ದೊಡ್ಡ ಆಸೆ. ಎರಡು ಸೈನ್ಯಗಳು ಜರಡಿ ಹಿಡಿದು ಹೋದ ಮೇಲೆ, ಟಾರ್ಚು ಹಾರೆ ಹಿಡಿದು ಅಮಾವಾಸ್ಯೆಯ ರಾತ್ರಿ ಬರುವವನಿಗೆ ಏನು ಮಿಕ್ಕಿರುತ್ತದೆ?

ಮಾಗಡಿಯಿಂದ ರಾಮನಗರದ ಕಡೆ ಇಳಿಯುವಾಗ ಗೆಳೆಯ ಕಾರನ್ನು ಮಣ್ಣಿನ ದಾರಿಗೆ ತಿರುಗಿಸಿದ. ಊರಿನ ಹೆಸರು ಬರೆಯುವುದಿಲ್ಲ; ಬರೆದರೆ ಮುಂದಿನ ಅಮಾವಾಸ್ಯೆಗೆ ಇನ್ನೊಂದು ತಂಡಕ್ಕೆ ದಾರಿ ತೋರಿದಂತೆ. ಹುಣಸೆಮರದ ಪಕ್ಕ ನಾಲ್ಕು ಕಂಬದ ಒಂದು ಗುಡಿ, ಸೂರಿನ ಮೇಲೆ ಅರಳಿ ಗಿಡ. ಗರ್ಭಗುಡಿಯಲ್ಲಿ ಲಿಂಗ ಪೀಠದಿಂದ ಜಾರಿ ಗೋಡೆಗೆ ಒರಗಿತ್ತು. ಪೀಠ ಇದ್ದಲ್ಲಿ ಸೊಂಟದಾಳದ ಚೌಕ ಗುಂಡಿ. ಅಂಚು ನೇರ, ಒಳಗೋಡೆಯ ಮೇಲೆ ಹಾರೆಯ ಗೀರುಗಳು ಒಂದರ ಕೆಳಗೊಂದು, ಮಣ್ಣೆಲ್ಲ ಒಂದೇ ಬದಿಗೆ ಗುಡ್ಡೆ. ಹೊಲದಲ್ಲಿ ಕೆಲಸ ಮಾಡಿ ಗೊತ್ತಿರುವ ಕೈ ಅದು. ತಳದಲ್ಲಿ ಅಡಿಪಾಯದ ಜಲ್ಲಿ, ಅದರ ಮೇಲೆ ಒಣಗಿ ಕಪ್ಪಾದ ನಿಂಬೆಹಣ್ಣಿನ ಹೋಳು, ಕುಂಕುಮ ಬಳಿದ ಬೂದುಗುಂಬಳದ ಚೂರು, ಅರ್ಧ ಉರಿದ ಊದುಬತ್ತಿ, ಗುಟ್ಕಾ ಚೀಟಿಗಳು. ಹೊರಗೆ ನಂದಿಯ ಬೆನ್ನು ಎರಡು ಸೀಳಾಗಿತ್ತು. ನಂದಿಯ ಹೊಟ್ಟೆಯಲ್ಲಿ ವಜ್ರ ಇರುತ್ತದೆ ಎಂಬ ಮಾತು ಈ ಕಸುಬಿನಲ್ಲಿ ಬಹಳ ಓಡಾಡುತ್ತದೆ. ಸೀಳಿದ ಹೊಟ್ಟೆಯಲ್ಲಿ ಕಂಡದ್ದು ಹೊರಗಿದ್ದಂಥದೇ ಕಲ್ಲು.

ಈ ನಂಬಿಕೆಗೆ ಬುಡವೇ ಇಲ್ಲ ಎನ್ನುವಂತಿಲ್ಲ. ಗುಡಿ ಕಟ್ಟುವಾಗ ಗರ್ಭನ್ಯಾಸ ಎಂಬ ವಿಧಿ ಉಂಟು. ಅಡಿಪಾಯದಲ್ಲಿ ಒಂದು ಪುಟ್ಟ ಪೆಟ್ಟಿಗೆಯಿಟ್ಟು ಅದರೊಳಗೆ ಧಾನ್ಯ, ಲೋಹದ ಚೂರು, ನವರತ್ನದ ಹರಳು ಹಾಕುತ್ತಾರೆ. ಹಳ್ಳಿಯ ಗುಡಿಯಲ್ಲಿ ಅದರ ಬೆಲೆ ಆ ಕಾಲಕ್ಕೇ ಅಷ್ಟಕ್ಕಷ್ಟೆ. ಒಂದು ಹಿಡಿ ನವಧಾನ್ಯ, ಒಂದು ತಾಮ್ರದ ತಗಡಿಗಾಗಿ ದೇವರನ್ನೇ ಎಬ್ಬಿಸಿದ್ದರು.

ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲೂರಿಕೊಂಡು ಬಂದು ನಿಂತರು. ಪೊರಕೆ ನೋಡಿದರು, ನಮ್ಮನ್ನು ನೋಡಿದರು.

“ಏನ್ ಸ್ವಾಮಿ, ನೀವೂ ಅಗೆಯಾಕ್ ಬಂದ್ರಾ?”

“ಇಲ್ಲ ಯಜಮಾನ್ರೇ, ಅಗೆದಿರೋದನ್ನ ನೋಡೋಕೆ.”

“ಅದ್ನೇನ್ ನೋಡೀರಿ! ಮೂರ್ ಸಲ ಅಗುದ್ರು. ಮೊದ್ಲು ಬಂದೋರ್ಗೆ ಸಿಕ್ಕಿದ್ರೆ ಎರಡ್ನೇ ದಪ ಬಂದೋರ್ಗೆ ಏನಿರ್ತದೆ? ಸಿಗ್ನಿಲ್ಲ ಅಂದ್ರೆ ಇಲ್ಲ ಅಂತ ತಾನೇ? ಮೂರ್ನೇ ದಪ ಯಾಕ್ ಬಂದ್ರು, ನೀವೇ ಹೇಳಿ.”

ಗೆಳೆಯನ ಬಳಿ ಉತ್ತರವಿರಲಿಲ್ಲ. ಮುದುಕರು ಇಷ್ಟು ತರ್ಕ ಬಲ್ಲವರಾದರೂ ಹೊನ್ನನ್ನು ಪೂರಾ ಬಿಟ್ಟುಕೊಡಲು ತಯಾರಿರಲಿಲ್ಲ. ಹೊನ್ನಿನ ಕೊಪ್ಪರಿಗೆ ಒಂದೆಡೆ ಕೂರುವುದಿಲ್ಲವಂತೆ, ಸರಪಳಿ ಸಮೇತ ಈ ಕೆರೆಯಿಂದ ಆ ಕೆರೆಗೆ ಹೋಗುತ್ತಿರುತ್ತದಂತೆ. ಅವರ ಅವ್ವ ಸರಪಳಿಯ ಸದ್ದು ಕೇಳಿದ್ದರಂತೆ. “ಅದ್ಕೇ ಗುಡೀಲಿ ಸಿಗಲ್ಲ ಕಣ್ ಸ್ವಾಮಿ” ಎಂದು ಕುರಿಗಳ ಹಿಂದೆ ನಡೆದರು.

ರಾಮನಗರದಲ್ಲಿ ಊಟಕ್ಕೆ ಕೂತೆವು. ನಿಧಿ ಹುಡುಕುವವರಿಗೆ ಈ ಪೇಟೆ ಅಷ್ಟು ಒಗ್ಗದು. 1800ರ ಸುಮಾರಿಗೆ ದಿವಾನ್ ಪೂರ್ಣಯ್ಯ ಕಾಡಿನ ನಡುವೆ ಹೆದ್ದಾರಿಯ ಕಾವಲಿಗೆಂದು ಕಟ್ಟಿಸಿದ ಊರು ಇದು. ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆ ಆಯಿತು. ಊರು ಹೆಸರು ಬದಲಿಸಿಕೊಂಡರೂ ಭೂವಿಜ್ಞಾನಿಗಳು ಇಲ್ಲಿಯ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಅದರಲ್ಲಿ ಗುಂಡಿ ತೋಡಲು ಮದ್ದುಗುಂಡೇ ಬೇಕು. ಐವತ್ತು ಸಾವಿರ ಬಹುಮಾನ ತಲೆಯ ಮೇಲೆ ಹೊತ್ತು ಇಲ್ಲಿ ಓಡಾಡಿದವನೆಂದರೆ ಶೋಲೆಯ ಗಬ್ಬರ್ ಒಬ್ಬನೇ.

ಹೊಟೇಲಿನ ಯಜಮಾನರು ನಮ್ಮ ಮಾತು ಕೇಳಿಸಿಕೊಂಡು ತಾವಾಗಿಯೇ ಕುರ್ಚಿ ಎಳೆದುಕೊಂಡರು. ರೇಷ್ಮೆಗೂಡು ಮಾರಿ ಕೈಯಲ್ಲಿ ಕಾಸಿರುವ ರೈತನಿಗೆ ಫೋನು ಬರುತ್ತದಂತೆ: ಮನೆ ಪಾಯ ತೋಡುವಾಗ ಚಿನ್ನದ ಕಾಸು ಸಿಕ್ಕಿವೆ, ಅರ್ಧ ಬೆಲೆಗೆ ಕೊಡುತ್ತೇವೆ, ಯಾರಿಗೂ ಹೇಳಬೇಡಿ. ಮೊದಲು ಕೊಡುವ ಒಂದೆರಡು ಕಾಸು ಅಪ್ಪಟ ಚಿನ್ನ. ಅಕ್ಕಸಾಲಿಗನಿಗೆ ತೋರಿಸಿ ಧೈರ್ಯ ಬಂದು ಲಕ್ಷಗಟ್ಟಲೆ ಕೊಟ್ಟು ಚೀಲ ತಂದರೆ ಒಳಗೆ ಹಿತ್ತಾಳೆ. ಅಕ್ಕಿ ಎಳೆಯುವ ಚೊಂಬು, ಎರಡು ತಲೆ ಹಾವು, ಅಂಜನ ಹಾಕಿ ನೆಲದೊಳಗೆ ಕಾಣುವವನು, ಎಲ್ಲ ಒಂದೇ ಸಂತೆಯ ಅಂಗಡಿಗಳು. “ಈ ನಿಧಿಯಲ್ಲಿ ದುಡ್ಡು ಮಾಡಿದೋರು ಇದಾರೆ ಸಾರ್, ಅಗೆದೋರಲ್ಲ” ಎಂದರು ಯಜಮಾನರು. ದಿನವಿಡೀ ಕೇಳಿದ ಮಾತುಗಳಲ್ಲಿ ನಾನು ಚೀಟಿಯಲ್ಲಿ ಬರೆದುಕೊಂಡದ್ದು ಇದನ್ನು.

ಮೋಸವಾದರೆ ಕಾಸು ಹೋಯಿತು ಅಂದುಕೊಳ್ಳಬಹುದು. ಆದರೆ ನಿಧಿ ಬಲಿ ಕೇಳುತ್ತದೆ ಎಂಬ ಮಾತು ಕೋಳಿಗೇ ನಿಲ್ಲದೆ ಮಕ್ಕಳವರೆಗೆ ಹೋದ ಉದಾಹರಣೆಗಳು ಈ ರಾಜ್ಯದಲ್ಲಿವೆ. ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಗೆ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿದಾಗ, ನಿಧಿಗಾಗಿ ನಡೆಸುವ ಇಂಥ ಕೃತ್ಯವನ್ನು ಅಪರಾಧಗಳ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಬೇಕಾಯಿತು.

ಚನ್ನಪಟ್ಟಣದ ಹೆದ್ದಾರಿಯಲ್ಲಿ ಗೊಂಬೆ ಅಂಗಡಿಗಳ ಸಾಲು ದಾಟಿ ಒಳಗೆ ಹೋದೆವು. ಗೊಂಬೆಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಗೆಳೆಯನಿಗೆ ಬೇಕಿದ್ದದ್ದು ರೈಸ್ ಪಟ್ಟಿ ಮಾಡಿದ ಒಂದು ಕಲ್ಲು. ರಾಗಿ ಹೊಲದ ಬದುವಿನಲ್ಲಿ, ಲಾಂಟಾನ ಪೊದೆಯೊಳಗೆ, ಅರ್ಧ ಹೂತುಹೋಗಿ ಸಿಕ್ಕಿತು. ಪೊರಕೆ ಆಡಿಸಿ ನೀರು ಚಿಮುಕಿಸಿ ಹಿಟ್ಟು ಬಳಿದಾಗ ಮೇಲ್ತುದಿಯಲ್ಲಿ ಸೂರ್ಯ, ಚಂದ್ರ, ಕೆಳಗೆ ಕೊಡೆ ಹಿಡಿದ ವಾಮನ ಮೂಡಿದರು. ಕಲ್ಲಿನ ಬುಡದಲ್ಲಿ ಇಲ್ಲೂ ಒಂದು ಹಳೆಯ ಗುಂಡಿ, ಹುಲ್ಲು ಬೆಳೆದು ಮುಚ್ಚಿಹೋಗುತ್ತಿತ್ತು.

ನಿಧಿಯವರ ಲೆಕ್ಕದಲ್ಲಿ ಸೂರ್ಯಚಂದ್ರರೆಂದರೆ ಗುರುತು: ಇಷ್ಟು ಹೆಜ್ಜೆ ಮೂಡಣಕ್ಕೆ, ಇಷ್ಟು ಪಡುವಣಕ್ಕೆ. ವಾಮನ ಕೈ ಮಾಡಿದ ಕಡೆ ಕೊಪ್ಪರಿಗೆ. ಕೆತ್ತಿಸಿದವನ ಲೆಕ್ಕ ಬೇರೆ. ಸೂರ್ಯಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬುದು ಮೇಲಿನ ಚಿತ್ರ. ಬ್ರಾಹ್ಮಣರಿಗೆ ಬಿಟ್ಟ ಭೂಮಿಯ ಗಡಿ ಇದು ಎಂಬುದು ವಾಮನಮುದ್ರೆ. ಶಿವಾಲಯದ ಭೂಮಿಯಾದರೆ ಲಿಂಗಮುದ್ರೆ ಇರುತ್ತದೆ. ಅಂದರೆ ಇವು ಸರ್ವೆ ಕಲ್ಲುಗಳು. ಇಂದಿನ ಸರ್ವೆ ಕಲ್ಲಿನ ಬುಡ ಅಗೆದರೆ ಏನು ಸಿಗುತ್ತದೋ ಅಲ್ಲೂ ಅಷ್ಟೇ.

ತಮಾಷೆಯೆಂದರೆ ಶಾಸನಗಳಲ್ಲಿ ನಿಧಿಯ ಮಾತು ನಿಜಕ್ಕೂ ಬರುತ್ತದೆ. ವಿಜಯನಗರ ಕಾಲದ ದಾನಪತ್ರಗಳಲ್ಲಿ ಅಷ್ಟಭೋಗ ಎಂದು ಎಂಟು ಹಕ್ಕುಗಳನ್ನು ಎಣಿಸುತ್ತಾರೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೊಲದ ಜೊತೆಗೆ ಅದರ ನೀರು, ಕಲ್ಲು, ಮುಂದಿನ ಹುಟ್ಟುವಳಿ ಮಾತ್ರವಲ್ಲ, ನೆಲದೊಳಗೆ ಹೂತಿಟ್ಟದ್ದೇನಾದರೂ ಸಿಕ್ಕಿದರೆ ಅದೂ ದಾನ ಪಡೆದವನಿಗೇ. ರಾಜರ ಕಾಲದಲ್ಲೂ ನೇಗಿಲಿಗೆ ಕುಡಿಕೆ ತಗುಲುತ್ತಿತ್ತು, ಅದು ಯಾರಿಗೆ ಎಂಬ ಜಗಳ ಬರುತ್ತಿತ್ತು ಎಂದಾಯಿತಲ್ಲ.

ಹೂಳಲು ಜನಕ್ಕೆ ಕಾರಣವೂ ಇತ್ತು. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಈ ನೆಲವನ್ನು ಒಂದಾದ ಮೇಲೊಂದು ದಂಡು ತುಳಿದಿದೆ. ಬ್ರಿಟಿಷ್ ಸೈನ್ಯಕ್ಕೆ ಕಾಳು, ಮೇವು, ನೆರಳು ಸಿಗದಿರಲೆಂದು ಟಿಪ್ಪು ಕಾನಕಾನಹಳ್ಳಿಯನ್ನು ಎರಡು ಸಲ ನಾಶ ಮಾಡಿಸಿದ. ಊರು ಬಿಟ್ಟು ಕಾಡು ಸೇರುವ ಸಂಸಾರ ಇದ್ದಬದ್ದದ್ದನ್ನು ಎಲ್ಲಿಡಬೇಕು? ಹಿತ್ತಲಲ್ಲಿ, ಒಲೆಯ ಕೆಳಗೆ, ಕೊಟ್ಟಿಗೆಯ ಮೂಲೆಯಲ್ಲಿ. ಇಟ್ಟದ್ದಾದರೂ ಎಷ್ಟು? ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊರಡಿಸಿದ ಕಂಠೀರಾಯಿ ಹಣವನ್ನು ಬೆಂಗಳೂರಿನ ಪ್ರದರ್ಶನವೊಂದರಲ್ಲಿ ಭೂತಗನ್ನಡಿಯಲ್ಲಿ ನೋಡಿದ್ದೇನೆ. ಕಿರುಬೆರಳ ಉಗುರಿಗಿಂತ ಚಿಕ್ಕದು, ಅರ್ಧ ಗ್ರಾಂ ಕೂಡ ತೂಗದು, ಅಷ್ಟರಲ್ಲೇ ನರಸಿಂಹನನ್ನು ಕೂರಿಸಿದ್ದರು. ಒಂದು ಕುಡಿಕೆಯಲ್ಲಿ ಅಂಥವು ಹತ್ತಿಪ್ಪತ್ತು ಇದ್ದರೆ ಆ ಮನೆ ಸುಖದ ಮನೆ. ಇಟ್ಟವರು ಎಲ್ಲರಿಗೂ ಕಾಣುವ ಗುಡಿಯ ಮುಂದೆ, ಸೂರ್ಯಚಂದ್ರರ ಗುರುತು ಹಾಕಿ, ಬನ್ನಿ ಅಗೆಯಿರಿ ಎಂದು ಕರೆಯುವಂತೆ ಇಟ್ಟಿರುತ್ತಾರೆಯೇ?

ಸಿಕ್ಕಿದ ನಿಧಿಗಳ ಚರಿತ್ರೆ ನೋಡಿದರೂ ಅಷ್ಟೆ. 1891ರಲ್ಲಿ ಯಶವಂತಪುರದ ಬಳಿ ರೈಲು ದಾರಿಗಾಗಿ ನೆಲ ಅಗೆಯುತ್ತಿದ್ದವರಿಗೆ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಮತ್ತೆ 256. ಯಾರೂ ಹುಡುಕಿ ಹೋಗಿರಲಿಲ್ಲ. ಲೋಹಶೋಧಕ ಹಿಡಿದು ಹೊಲ ಸುತ್ತುವುದು ಕಾನೂನಿನೊಳಗಿನ ಹವ್ಯಾಸವೇ ಆಗಿರುವ ಇಂಗ್ಲೆಂಡಿನಲ್ಲಿ, 1992ರಲ್ಲಿ ಹಾಕ್ಸನ್ ಎಂಬ ಹಳ್ಳಿಯಲ್ಲಿ ಸುಮಾರು 15 ಸಾವಿರ ರೋಮನ್ ನಾಣ್ಯಗಳನ್ನು ಕಂಡವನು ಹುಡುಕುತ್ತಿದ್ದದ್ದು ಗೆಳೆಯನೊಬ್ಬನ ಕಳೆದುಹೋದ ಸುತ್ತಿಗೆಯನ್ನು. ಕಂಡೊಡನೆ ಅಗೆಯುವುದನ್ನು ನಿಲ್ಲಿಸಿ ವರದಿ ಮಾಡಿದ. ಪುರಾತತ್ವಜ್ಞರು ಬಂದು ಎಲ್ಲವನ್ನೂ ಜೋಪಾನವಾಗಿ ಎತ್ತಿದರು. ಆ ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ನಮ್ಮ ಸೀಮೆಯಲ್ಲಿ ಅಗೆಯದೆ ಸಿಕ್ಕಿದ್ದಕ್ಕೆ ಒಳ್ಳೆಯ ಉದಾಹರಣೆ ಮಾಗಡಿ ತಾಲ್ಲೂಕಿನ ಕೆಂಪಾಪುರ. ಬೆಂಗಳೂರು ಕಟ್ಟಿದ ಗೌಡರ ಸಮಾಧಿ ಅಲ್ಲಿ ಬಯಲಲ್ಲೇ ನಿಂತಿತ್ತು. 2015ರಲ್ಲಿ ಇತಿಹಾಸದ ಅಧ್ಯಾಪಕರೊಬ್ಬರು ಅದರ ಮೇಲಿನ ಶಾಸನವನ್ನು ಓದಿ ಗುರುತಿಸಿದ ಮೇಲೆ ಊರಿಗೆ ಊರೇ ಸುದ್ದಿಯಾಯಿತು. ಮಿಥಿಕ್ ಸೊಸೈಟಿಯವರು ಈಗ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ಕಾಪಿಡುತ್ತಿದ್ದಾರೆ. ಕಲ್ಲು ನಾಳೆ ಒಡೆದರೂ ಅಕ್ಷರ ಉಳಿಯುತ್ತದೆ ಎಂಬುದು ಗೆಳೆಯನ ಸಮಾಧಾನ. ನನಗೇನೋ ಕಲ್ಲೇ ಉಳಿಯಲಿ ಅನ್ನಿಸುತ್ತದೆ.

ಕನಕಪುರ ಮುಟ್ಟುವಾಗ ಸಂಜೆ. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾದ ಮೇಲೆ ರಸ್ತೆಯ ಎರಡೂ ಬದಿ ಲೇಔಟಿನ ಬೋರ್ಡುಗಳೇ. ಟೀ ಅಂಗಡಿಯ ಮುಂದೆ ಜೆಸಿಬಿ ನಿಂತಿತ್ತು. ಈ ತಾಲ್ಲೂಕನ್ನು ನಿಜವಾಗಿ ಅಗೆಯುತ್ತಿರುವವನು ಇವನೇ ಅಲ್ಲವೇ ಎಂದು ಅದರ ಚಾಲಕನನ್ನು ಮಾತಿಗೆಳೆದೆ. ಏನಾದರೂ ಸಿಕ್ಕಿದೆಯೇನಪ್ಪ?

“ಎಲ್ಲಿ ಸಾರ್, ಬರೀ ಗುಂಡುಕಲ್ಲು. ಒಂದ್ಸಲ ಟೆಲಿಫೋನ್ ಕೇಬಲ್ ಸಿಕ್ತು, ಅದಕ್ಕೆ ನಾನೇ ದಂಡ ಕಟ್ಟಿದೆ.” ಆಮೇಲೆ ದನಿ ತಗ್ಗಿಸಿ, “ಅಕಸ್ಮಾತ್ ಸಿಕ್ಕಿದ್ರೆ ಯಾರಿಗೆ ಸಾರ್ ಅದು?”

ಗೆಳೆಯನಿಗೆ ಇಷ್ಟು ಸಾಕು. 1878ರ ನಿಧಿ ಕಾಯ್ದೆ ಶುರುಮಾಡಿದ: ಹತ್ತು ರೂಪಾಯಿಗಿಂತ ಹೆಚ್ಚಿನದು ಏನು ಸಿಕ್ಕಿದರೂ ಕಲೆಕ್ಟರಿಗೆ ಬರೆದು ತಿಳಿಸಬೇಕು, ಬೇರೆ ವಾರಸುದಾರರಿಲ್ಲದಿದ್ದರೆ, ಬೇರೆ ಒಪ್ಪಂದವೂ ಇಲ್ಲದಿದ್ದರೆ ಸಿಕ್ಕವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು. ಮುಚ್ಚಿಟ್ಟರೆ ಪಾಲೂ ಇಲ್ಲ, ಜೈಲು ಬೇರೆ. ಅದು ಬ್ರಿಟಿಷರ ಕಾಲದ ಲೆಕ್ಕ, ಕರ್ನಾಟಕಕ್ಕೆ ಈಗ 1962ರ ತನ್ನದೇ ಕಾಯ್ದೆ ಇದೆ ಎಂದು ಅವನು ಮುಂದುವರಿಸುವಷ್ಟರಲ್ಲಿ ಕೇಳುವವರು ಯಾರೂ ಇರಲಿಲ್ಲ. ಮುಕ್ಕಾಲು ಎಂಬ ಮಾತು ಬೆಂಚಿನ ತುಂಬ ಹರಡಿಹೋಗಿತ್ತು. ಸಿಕ್ಕವನು ಅಂದರೆ ಬಕೆಟ್ ಆಡಿಸಿದವನು ಎಂದ ಚಾಲಕ. ಗಾಡಿ ನನ್ನದು, ನೀನು ಸಂಬಳದವನು ಎಂದರು ಪಕ್ಕದಲ್ಲೇ ಟೀ ಕುಡಿಯುತ್ತಿದ್ದ ಅದರ ಮಾಲೀಕರು. ಪಾಯ ತೆಗೆಸಲು ಬಂದಿದ್ದ ಸೈಟಿನವರು, ಗಂಟೆಗಿಷ್ಟು ಅಂತ ಬಾಡಿಗೆ ಕೊಡೋನು ನಾನು, ಆ ಗಂಟೆಯಲ್ಲಿ ಸಿಕ್ಕಿದ್ದೆಲ್ಲ ನನ್ನದೇ ಎಂದು ಎದ್ದು ನಿಂತರು. ಕೆಳಗೆ ನಿಂತು ಕೈ ತೋರಿಸುವ ಹುಡುಗ, ಮೊದಲು ನೋಡೋನು ನಾನಲ್ವಾ ಅಣ್ಣ ಎಂದ. ನಾವು ಟೀಯ ಕಾಸು ಕೊಟ್ಟು ಕಾರು ಹತ್ತುವ ಹೊತ್ತಿಗೆ ವಾದ ಡೀಸೆಲ್ ಯಾರು ಹಾಕಿಸಿದ್ದು ಎಂಬಲ್ಲಿಗೆ ಬಂದಿತ್ತು.