ಕೊನೆಯ ಪುಟದ ಋಣ

ರಾಯಚೂರಿನ ಬೇಸಿಗೆಯ ಮಧ್ಯಾಹ್ನಗಳು ಹೇಗಿರುತ್ತವೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಊಟವಾದ ಮೇಲೆ ಹೊರಗೆ ಕಾಲಿಡುವಂತಿಲ್ಲ, ಒಳಗೆ ನಿದ್ದೆ ಬರುವುದಿಲ್ಲ. ಈ ಬೇಸಿಗೆಯ ಅಂತಹ ಮಧ್ಯಾಹ್ನಗಳಲ್ಲಿ ನಾಗವರ್ಮನ 'ಕರ್ನಾಟಕ ಕಾದಂಬರಿ'ಯನ್ನು ಮತ್ತೊಮ್ಮೆ ಓದಿದೆ. ಪಾಠ ಹೇಳುವ ಹಂಗಿಲ್ಲದೆ, ಟಿಪ್ಪಣಿ ಮಾಡಿಕೊಳ್ಳದೆ, ಕೇವಲ ಕಥೆಗಾಗಿ ಓದಿದ್ದು ಇದೇ ಮೊದಲು. ಓದುತ್ತ ಓದುತ್ತ ಮೂವತ್ತು ವರ್ಷಗಳಿಗೂ ಹಿಂದಿನ ಒಂದು ಘಟನೆ ನೆನಪಾಗಿ ಮನಸ್ಸು ಮುದುಡಿತು. ಅದನ್ನು ಇಂದು ನಿಮ್ಮೆದುರು ಹೇಳಿಕೊಳ್ಳಬೇಕಾಗಿದೆ.

ಅದು 1991ನೆಯ ಇಸವಿ. ಮಾನ್ವಿಯಿಂದ ವರ್ಗವಾಗಿ ನಾನು ದೇವದುರ್ಗಕ್ಕೆ ಬಂದ ಹೊಸತು. ಬಿ.ಇಡಿ. ಮುಗಿಸಿ ಕೆಲವೇ ವರ್ಷಗಳಾಗಿದ್ದವು. ಸಾಹಿತ್ಯದ ರುಚಿಯನ್ನು ಮಕ್ಕಳಿಗೆ ಹತ್ತಿಸಬೇಕೆಂಬ ಹುಮ್ಮಸ್ಸಿನ ಜೊತೆಗೆ, ಯಾವುದು ಸಾಹಿತ್ಯ ಯಾವುದು ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿದೆಯೆಂಬ ಅಹಂಕಾರವೂ ಇತ್ತು. ಆ ಕಾಲದಲ್ಲಿ ಮಾಟ, ಮಂತ್ರ, ಪ್ರೇತಗಳ ಕಾದಂಬರಿಗಳಿಗೆ ಬಹಳ ಬೇಡಿಕೆಯಿತ್ತು. ತೆಲುಗಿನ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕನ್ನಡಕ್ಕೆ ಬಂದು ಮನೆಮಾತಾಗಿತ್ತು. 1985ರಲ್ಲಿ ಚಲನಚಿತ್ರವೂ ಆಗಿತ್ತು. ಅದಕ್ಕೂ ಮೊದಲು, 1979ರಲ್ಲಿ ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯಿಸಿದ 'ನಾ ನಿನ್ನ ಬಿಡಲಾರೆ' ಬಂದಿತ್ತು. ಅದರಲ್ಲಿ ನಾಯಕನನ್ನು ಹಿಡಿದ ಪ್ರೇತದ ಬಾಧೆ ನೀಗುವುದು ನಮ್ಮ ನೆರೆಯ ಮಂತ್ರಾಲಯದಲ್ಲಿ. ಹೀಗಾಗಿ ನಮ್ಮ ಕಡೆಯವರಿಗೆ ಆ ಚಿತ್ರವೆಂದರೆ ತಮ್ಮದೇ ಊರಿನ ಸುದ್ದಿ ಎಂಬಂತಹ ಅಭಿಮಾನ.

ಒಂದು ದಿನ ಹತ್ತನೆಯ ತರಗತಿಯಲ್ಲಿ ವ್ಯಾಕರಣದ ಪಾಠ ನಡೆದಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳ ಕಣ್ಣು ತೊಡೆಯ ಮೇಲೆಯೇ ಇತ್ತು. ಹತ್ತಿರ ಹೋಗಿ, "ಏನವ್ವಾ ಅದು? ಇಲ್ಲಿ ಕೊಡು" ಎಂದೆ. ನಡುಗುವ ಕೈಯಿಂದ ಪುಸ್ತಕ ಕೊಟ್ಟಳು. ಬಾಡಿಗೆ ಪುಸ್ತಕದ ಅಂಗಡಿಯದು. ಮುಖಪುಟ ಹರಿದುಹೋಗಿತ್ತು, ಆದ್ದರಿಂದ ಅದರ ಹೆಸರೇನು, ಬರೆದವರಾರು ಎಂಬುದು ನನಗೆ ಇಂದಿಗೂ ತಿಳಿಯದು. ಒಂದೆರಡು ಸಾಲುಗಳನ್ನು ವ್ಯಂಗ್ಯದ ದನಿಯಲ್ಲಿ ಇಡೀ ತರಗತಿಗೆ ಓದಿ ಹೇಳಿದೆ. ಎಲ್ಲರೂ ನಕ್ಕರು. ಆಕೆ ಅಳಲಿಲ್ಲ. ಗಂಟೆ ಬಾರಿಸಿದ ಮೇಲೆ ಬಾಗಿಲ ಬಳಿ ಬಂದು ಮೆಲ್ಲಗೆ ಕೇಳಿದಳು: "ಪುಸ್ತಕ ಕೊಡದಿದ್ರ ಬಿಡ್ರಿ ಸರ್. ಕೊನೀಗೆ ಏನಾಗ್ತದಂತ ಅದೊಂದು ಹೇಳ್ರಿ."

ನನಗೆ ಉತ್ತರ ಗೊತ್ತಿರಲಿಲ್ಲ. "ಇಂಥಾ ಕಸ ನಾನು ಓದೂದಿಲ್ಲ" ಎಂದುಬಿಟ್ಟೆ.

ಆ ರಾತ್ರಿ ಕರೆಂಟು ಹೋಗಿತ್ತು. ಉತ್ತರಪತ್ರಿಕೆಗಳನ್ನು ತಿದ್ದಲೆಂದು ಕಂದೀಲು ಹಚ್ಚಿಕೊಂಡು ಕುಳಿತವನು, ಚೀಲದಲ್ಲಿದ್ದ ಆ ಪುಸ್ತಕವನ್ನು ಸುಮ್ಮನೆ ತೆರೆದೆ. ಜಲಾಶಯದ ಕೆಲಸಕ್ಕೆಂದು ಬಂದ ಯುವ ಇಂಜಿನಿಯರೊಬ್ಬ ಹಳೆಯ ಬಂಗಲೆಯೊಂದರಲ್ಲಿ ಉಳಿಯುತ್ತಾನೆ. ಪ್ರತಿ ಸಂಜೆ ಒಬ್ಬಳು ತರುಣಿ ತೋಟದ ಬಾವಿಯ ಬಳಿ ಅವನನ್ನು ಕಾಣಲು ಬರುತ್ತಾಳೆ. ಪ್ರೇಮ ಬೆಳೆಯುತ್ತದೆ. ಆಕೆ ಸತ್ತು ಹನ್ನೆರಡು ವರ್ಷಗಳಾಗಿವೆಯೆಂದು, ಸತ್ತದ್ದಲ್ಲ ಕೊಲೆಯಾದದ್ದೆಂದು ಅವನಿಗೆ ತಿಳಿಯುವ ಹೊತ್ತಿಗೆ ಕೊಲೆಗಾರನ ಕಣ್ಣು ಅವನ ಮೇಲೆಯೇ ಬಿದ್ದಿರುತ್ತದೆ. ಪ್ರತಿ ಅಧ್ಯಾಯದ ಕೊನೆಗೂ ಯಾರೋ ಬಾಗಿಲು ಬಡಿಯುತ್ತಿದ್ದರು. ಉತ್ತರಪತ್ರಿಕೆಗಳ ಕಟ್ಟನ್ನು ನಾನು ಬಿಚ್ಚಲೇ ಇಲ್ಲ. ನಮ್ಮ ಮನೆಯವರು ಎರಡು ಸಲ ಎದ್ದು ಬಂದು, "ಮಲಗ್ರಿ ಇನ್ನ" ಎಂದರು. ಕೊನೆಯ ಪುಟ ಮುಗಿಸಿದಾಗ ಎರಡು ಗಂಟೆ. ಹಿತ್ತಲಿಗೆ ಹೋಗಲು ಹೆದರಿಕೆಯಾಯಿತೆಂಬುದನ್ನೂ, ಕಣ್ಣು ಒದ್ದೆಯಾಗಿತ್ತೆಂಬುದನ್ನೂ ಇಂದು ಒಪ್ಪಿಕೊಳ್ಳುತ್ತೇನೆ.

ಮರುದಿನ ಆಕೆಗೆ ಹೇಳಬಹುದಿತ್ತು. ಹೇಳಿದರೆ ನಾನು ಓದಿದೆನೆಂದು ಒಪ್ಪಿಕೊಂಡಂತಾಗುತ್ತಿತ್ತು. ಸಂಜೆ ಯಾರಿಗೂ ಕಾಣದಂತೆ ಅಂಗಡಿಗೆ ಹೋಗಿ, ಬಾಕಿ ಬಾಡಿಗೆ ತೆತ್ತು ಪುಸ್ತಕ ಹಿಂದಿರುಗಿಸಿ ಬಂದೆ. ಆಕೆಗೆ ಅದನ್ನೂ ತಿಳಿಸಲಿಲ್ಲ. ವರ್ಷ ಮುಗಿಯುವವರೆಗೂ ಆಕೆ ನನ್ನ ತರಗತಿಯಲ್ಲಿ ಪಠ್ಯಪುಸ್ತಕವನ್ನಷ್ಟೇ ನೋಡುತ್ತ ಕುಳಿತಿರುತ್ತಿದ್ದಳು. ನಾನೇನಾದರೂ ಕೇಳಿದರೆ ಉತ್ತರಿಸುತ್ತಿದ್ದಳು. ತಾನಾಗಿ ಏನನ್ನೂ ಮತ್ತೆ ಕೇಳಲಿಲ್ಲ.

ಮಾನ್ವಿಯಲ್ಲಿದ್ದಾಗ ಜಗನ್ನಾಥದಾಸರ ಕಥೆಯನ್ನು ನಾನು ಎಷ್ಟು ಸಲ ಮಕ್ಕಳಿಗೆ ಹೇಳಿದ್ದೆನೋ! ಬ್ಯಾಗವಾಟದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರಂತೆ; ನೆಪ ನಿಜವಾಗಿ ನೋವು ಹಿಡಿಯಿತಂತೆ. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರೆಂಬುದು ಐತಿಹ್ಯ. ಅದೇ ಪಂಡಿತರು ಮುಂದೆ ಜಗನ್ನಾಥದಾಸರಾಗಿ ಕನ್ನಡದಲ್ಲಿ 'ಹರಿಕಥಾಮೃತಸಾರ'ವನ್ನು ಕೊಟ್ಟರು. ಅಷ್ಟು ಸಲ ಹೇಳಿದರೂ ಆ ಕಥೆ ನನ್ನನ್ನು ಕುರಿತದ್ದೆಂದು ನನಗೆ ಹೊಳೆದಿರಲಿಲ್ಲ.

ಈಗ ನಾಗವರ್ಮನಿಗೆ ಬರುತ್ತೇನೆ. ಏಳನೆಯ ಶತಮಾನದಲ್ಲಿ ಬಾಣಭಟ್ಟ ಸಂಸ್ಕೃತ ಗದ್ಯದಲ್ಲಿ ಆರಂಭಿಸಿ, ಅವನ ಮಗ ಪೂರ್ಣಗೊಳಿಸಿದ ಕಥೆಯನ್ನು ನಾಗವರ್ಮ ಸುಮಾರು ಸಾವಿರ ವರ್ಷಗಳ ಹಿಂದೆ ಕನ್ನಡ ಚಂಪುವಾಗಿಸಿದ. ಅದರಲ್ಲಿರುವುದಾದರೂ ಏನು? ಮಾತನಾಡುವ ಗಿಳಿಯೊಂದು ಶೂದ್ರಕ ರಾಜನೆದುರು ಕಥೆ ತೆರೆಯುತ್ತದೆ. ವಿರಹದಿಂದ ಪುಂಡರೀಕ ಸಾಯುತ್ತಾನೆ. ಅವನ ದೇಹವನ್ನು ದಿವ್ಯಪುರುಷನೊಬ್ಬ ಆಕಾಶಕ್ಕೆ ಒಯ್ಯುತ್ತಾನೆ. ಮಹಾಶ್ವೇತೆ ಅವನಿಗಾಗಿ ಕಾಯುತ್ತಾಳೆ. ಚಂದ್ರಾಪೀಡನೂ ಎದೆಯೊಡೆದು ಸಾಯುತ್ತಾನೆ. ಕೆಡದೆ ಉಳಿದ ಅವನ ದೇಹವನ್ನು ಕಾದಂಬರಿ ಜೋಪಾನ ಮಾಡುತ್ತಾಳೆ. ಕಥೆ ಕೇಳುತ್ತಿರುವ ರಾಜನೇ ಆ ಚಂದ್ರಾಪೀಡನ ಮರುಹುಟ್ಟು ಎಂಬ ಗುಟ್ಟು ಕೊನೆಯವರೆಗೂ ಬಯಲಾಗುವುದಿಲ್ಲ. ಪ್ರೇಮ, ಶಾಪ, ಸಾವು, ಅದರಾಚೆಯ ನಿರೀಕ್ಷೆ, ಕೊನೆಯವರೆಗೆ ಕಾದಿಟ್ಟ ಕುತೂಹಲ ಎಲ್ಲವೂ ಇಲ್ಲಿವೆ. ಕನ್ನಡ, ಮರಾಠಿಗಳಲ್ಲಿ ಈ ಬಗೆಯ ದೀರ್ಘಕಥೆಗಳಿಗೆಲ್ಲ 'ಕಾದಂಬರಿ' ಎಂಬ ಹೆಸರು ಬಂದದ್ದೇ ಈ ನಾಯಕಿಯ ಹೆಸರಿನಿಂದ.

ಬಾಡಿಗೆ ಅಂಗಡಿಯ ಆ ಪುಸ್ತಕ ನಾಗವರ್ಮನಿಗೆ ಸಮವೆಂದು ನಾನು ಹೇಳುತ್ತಿಲ್ಲ. ಅದರ ಭಾಷೆ ಸಾಧಾರಣ. ವರ್ಣನೆಗಳು ಒಂದೇ ಅಚ್ಚಿನವು. ಆದರೆ ಹತ್ತನೆಯ ತರಗತಿಯ ಆ ಹುಡುಗಿ ಕೇಳಿದ ಪ್ರಶ್ನೆ ಶೂದ್ರಕನ ಸಭೆಯಲ್ಲಿ ಗಿಳಿಯ ಮುಂದೆ ಕುಳಿತವರ ಪ್ರಶ್ನೆಯೇ ಆಗಿತ್ತು. ಆ ಹಸಿವನ್ನು ಹಿಡಿದುಕೊಂಡೇ ನಾನು ಆಕೆಯನ್ನು ನಾಗವರ್ಮನ ಬಾಗಿಲವರೆಗೆ ಕರೆದೊಯ್ಯಬಹುದಿತ್ತು. ಕನ್ನಡದ ಮೇಷ್ಟರಿಗೆ ಅಂತಹ ಅವಕಾಶ ದಿನವೂ ಸಿಗುವುದಿಲ್ಲ.

ಆಕೆ ಈಗ ಎಲ್ಲಿರುವಳೋ ತಿಳಿಯದು. ಆ ವರ್ಷದ ತರಗತಿಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಆಕೆಗೆ ತಲುಪಿಸಿ. ತಾಯಿ, ಆ ಪುಸ್ತಕವನ್ನು ನಾನು ಅದೇ ರಾತ್ರಿ ಓದಿದೆ. ಬಾವಿಯ ಹೂಳು ತೆಗೆಸಿದಾಗ ಆಕೆಯ ಬಳೆ ಸಿಗುತ್ತದೆ, ಕೊಲೆಗಾರ ಸಿಕ್ಕಿಬೀಳುತ್ತಾನೆ. ಇಂಜಿನಿಯರ್ ಬದುಕಿ ಉಳಿಯುತ್ತಾನೆ. ಆಕೆ ಕೊನೆಯ ಸಲ ಬಂದು, ಇನ್ನು ತನಗಾಗಿ ಕಾಯಬೇಡವೆಂದು ಹೇಳಿ ಹೋಗುತ್ತಾಳೆ. ಅವನು ಒಪ್ಪುತ್ತಾನೆ, ಆದರೂ ಪ್ರತಿ ಸಂಜೆ ಬಾವಿಯ ಕಟ್ಟೆಯ ಮೇಲೆ ಒಂದು ದೀಪ ಇಡುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಬಹಳ ಚೆನ್ನಾಗಿತ್ತು.